ವಟವೃಕ್ಷದ ಸಾಕ್ಷಿ ಮತ್ತು ಒಂದು ಪಾಟೀ ಸವಾಲು

ದುರ್ಗಸಿಂಹನ ಪಂಚತಂತ್ರದಲ್ಲಿ ಬರುವ ಧರ್ಮಬುದ್ಧಿ-ದುಷ್ಟಬುದ್ಧಿಯರ ಕಥೆಯನ್ನು ನನ್ನ ಅಧ್ಯಾಪನದ ಅವಧಿಯಲ್ಲಿ ಎಷ್ಟು ಸಲ ಪಾಠ ಮಾಡಿರುವೆನೋ ಲೆಕ್ಕವಿಟ್ಟಿಲ್ಲ. ಹಳಗನ್ನಡ ಗದ್ಯದ ಸೊಗಸು, ವಾಕ್ಯಗಳ ಬಿಗಿ, ವಸುಭಾಗನ ಪರಂಪರೆಗೂ ವಿಷ್ಣುಶರ್ಮನ ಪರಂಪರೆಗೂ ಇರುವ ಭೇದ, ಕಲ್ಯಾಣ ಚಾಲುಕ್ಯರ ಜಯಸಿಂಹ ಜಗದೇಕಮಲ್ಲನ ಆಸ್ಥಾನದಲ್ಲಿ ಕವಿಯು ಸಂಧಿವಿಗ್ರಹಿಯಾಗಿದ್ದ ಸಂಗತಿ, ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ಕಥೆ ಒಂದು ನ್ಯಾಯಾಲಯದ ಕಥೆ ಎಂಬುದನ್ನು ನಾನು ಗಮನಿಸಿದ್ದು ಬಹಳ ತಡವಾಗಿ. ಗಮನಿಸುವಂತೆ ಮಾಡಿದ್ದು ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ. ಆದರೆ ಆ ಪ್ರಶ್ನೆ ನನ್ನನ್ನು ಏಕೆ ಅಷ್ಟು ಕಲಕಿತು ಎಂಬುದಕ್ಕೆ ಬೇರೆ ಕಾರಣವಿದೆ. ಅದನ್ನೂ ಇಲ್ಲಿ ಹೇಳಬೇಕಾಗಿದೆ.

ಕಥೆ ಬಲ್ಲವರಿಗೂ ಒಮ್ಮೆ ನೆನಪು ಮಾಡುವುದು ಒಳ್ಳೆಯದು. ಇಬ್ಬರು ವ್ಯಾಪಾರಿ ಗೆಳೆಯರು ದೇಶಾಂತರದಲ್ಲಿ ಗಳಿಸಿದ ಹೊನ್ನನ್ನು ಊರ ಹೊರಗಿನ ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿ ರಾತ್ರಿ ಬಂದು ಎಲ್ಲವನ್ನೂ ಒಯ್ಯುತ್ತಾನೆ. ಮುಂದೆ ಇಬ್ಬರೂ ಬಂದು ಅಗೆದು ನೋಡಿದಾಗ ಹೊನ್ನಿಲ್ಲ. ಕದ್ದವನೇ ಮೊದಲು ಕೂಗುತ್ತಾನೆ. ಧರ್ಮಬುದ್ಧಿಯ ಮೇಲೆ ಕಳ್ಳತನದ ಆಪಾದನೆ ಹೊರಿಸಿ ಧರ್ಮಾಧಿಕರಣದವರ ಬಳಿಗೆ ಎಳೆದೊಯ್ಯುತ್ತಾನೆ. ಸಾಕ್ಷಿ ಯಾರು ಎಂದು ಅವರು ಕೇಳಿದರೆ ಆ ವಟವೃಕ್ಷವೇ ಸಾಕ್ಷಿ ಎನ್ನುತ್ತಾನೆ. ಮನೆಗೆ ಹೋಗಿ, ಒಲ್ಲೆನೆಂಬ ತಂದೆಯನ್ನು ಒಪ್ಪಿಸಿ, ಮರದ ಪೊಟರೆಯಲ್ಲಿ ಅಡಗಿಸುತ್ತಾನೆ. ಮರುದಿನ ನೆರೆದವರೆಲ್ಲ ಕೇಳುವಂತೆ ಮರ ನುಡಿಯುತ್ತದೆ: ಹೊನ್ನನ್ನು ಒಯ್ದವನು ಧರ್ಮಬುದ್ಧಿ.

ಇಲ್ಲಿಯವರೆಗೆ ಧರ್ಮಬುದ್ಧಿಯ ಸ್ಥಿತಿ ಏನೆಂಬುದನ್ನು ಯೋಚಿಸಿ. ಅವನು ಆರೋಪಿ. ಅವನ ವಿರುದ್ಧ ಸಾಕ್ಷ್ಯ ನುಡಿದದ್ದು ಒಂದು ದನಿ. ಮುಖವಿಲ್ಲ, ಹೆಸರಿಲ್ಲ, ಕುಲಗೋತ್ರವಿಲ್ಲ. ದೇವತಾ ಸಾನ್ನಿಧ್ಯವೆಂಬ ಭಯಭಕ್ತಿ ಬೇರೆ ಅದರ ಬೆನ್ನಿಗಿದೆ. ನೀನು ಎಲ್ಲಿ ನಿಂತು ನೋಡಿದೆ, ಅಂದು ಬೆಳದಿಂಗಳಿತ್ತೇ, ನನ್ನ ತಂದೆಯ ಹೆಸರೇನು ಬಲ್ಲೆಯಾ ಎಂದು ಮರವನ್ನು ಕೇಳುವವರುಂಟೇ? ಧರ್ಮಬುದ್ಧಿ ಮಾತಿನಿಂದ ಕೇಳಲಾಗದ್ದನ್ನು ಕಿಚ್ಚಿನಿಂದ ಕೇಳುತ್ತಾನೆ. ಪೊಟರೆಗೆ ಬೆಂಕಿಯಿಡುತ್ತಾನೆ. ಹೊಗೆಗೂ ಉರಿಗೂ ತಾಳಲಾರದೆ ಸಾಕ್ಷಿ ಹೊರಬೀಳುತ್ತಾನೆ. ಆಗ ಎಲ್ಲರಿಗೂ ಕಾಣುವುದು ಮರವಲ್ಲ, ಆಪಾದನೆ ಮಾಡಿದವನ ತಂದೆ.

ನನ್ನ ವಿದ್ಯಾರ್ಥಿನಿ ಕೇಳಿದ್ದು ಇದು: "ಸರ್, ಅವನು ಬೆಂಕಿ ಇಡಬಹುದು ಅಂತ ಅವನಿಗೆ ಅನುಮತಿ ಕೊಟ್ಟವರು ಯಾರು? ಅನುಮತಿ ಸಿಗದಿದ್ದರೆ?"

ಸಿಗದಿದ್ದರೆ ಧರ್ಮಬುದ್ಧಿ ಕಳ್ಳನಾಗುತ್ತಿದ್ದ ಎಂದೆ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಒಂದು ಕಾಲದಲ್ಲಿ ನಾನೇ ಆ ಪೊಟರೆಯಲ್ಲಿ ಕುಳಿತಿದ್ದೆ.

1993ರ ಮಾತು. ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಅರೆಕಾಲಿಕ ಅಧ್ಯಾಪಕನಾಗಿ ಸೇರಿ ಒಂದು ವರ್ಷವಾಗಿತ್ತು. ಕಾಲೇಜಿನ ಹಿಂಬದಿಯ ಕೋಣೆಯೊಂದರಲ್ಲಿ ವಾಸ. ಒಂದು ರಾತ್ರಿ ಊಟ ಮುಗಿಸಿ ಮರಳುವಾಗ ಕಚೇರಿಯ ಹಿಂಬಾಗಿಲಿನಿಂದ ಯಾರೋ ಹೊರಬಂದು ಕಾಂಪೌಂಡಿನ ಕಡೆಗೆ ನಡೆದುಹೋದದ್ದನ್ನು ಕಂಡೆ. ಹೆಗಲ ಮೇಲೆ ಗೋಣಿಯಂಥದೇನೋ ಇತ್ತು. ಬೆಳಗಾಗುವಷ್ಟರಲ್ಲಿ ಪರೀಕ್ಷಾ ಶುಲ್ಕದ ಹಣವೂ ಒಂದು ಬೆರಳಚ್ಚು ಯಂತ್ರವೂ ಕಾಣೆಯಾದ ಸುದ್ದಿ ಹಬ್ಬಿತ್ತು. ಪೊಲೀಸರು ಬಂದರು. ನಾನು ಕಂಡದ್ದನ್ನು ಹೇಳಿದೆ. ಕಂಡವನು ನಮ್ಮ ಜವಾನರ ಮಗ ಎಂದು ಹೇಳಿದೆ.

ಹುಡುಗನಿಗೆ ಆಗ ಇಪ್ಪತ್ತು ವರ್ಷವಿದ್ದಿರಬೇಕು. ಪಿಯುಸಿಯಲ್ಲಿ ಎರಡು ಸಲ ನಪಾಸಾಗಿ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದ. ಭಾರತೀಯ ದಂಡ ಸಂಹಿತೆಯ 457 ಮತ್ತು 380ನೆಯ ಕಲಮುಗಳ ಕೆಳಗೆ ಮೊಕದ್ದಮೆ ದಾಖಲಾಯಿತು. ಕಳವಾದ ವಸ್ತು ಏನೂ ಸಿಕ್ಕಲಿಲ್ಲ. ಹೀಗಾಗಿ ಮೊಕದ್ದಮೆಯ ಭಾರವೆಲ್ಲ ಒಂದೇ ಕಂಬದ ಮೇಲೆ ನಿಂತಿತು. ಆ ಕಂಬ ನಾನು.

ಊರಿನಲ್ಲಿ ನನ್ನ ಮಾತಿಗೆ ಬೆಲೆಯಿತ್ತು. ಮೇಷ್ಟ್ರು, ಅದರಲ್ಲೂ ಬಸದಿಗೆ ನಡೆದುಕೊಳ್ಳುವ ಮನೆತನದವರು, ಸುಳ್ಳು ಹೇಳುವುದುಂಟೇ ಎಂದು ಜನ ಆಡಿಕೊಂಡರು. ನನಗೂ ಅದು ಹಿತವಾಗಿತ್ತು. ಜೈನ ಪುರಾಣಗಳಲ್ಲಿ ಬರುವ ವಸುರಾಜನ ಕಥೆ ಆಗ ನನಗೆ ನೆನಪಾಗಬೇಕಿತ್ತು. ಕ್ಷೀರಕದಂಬನ ಶಿಷ್ಯರಾದ ನಾರದ ಮತ್ತು ಪರ್ವತರ ನಡುವೆ 'ಅಜ' ಎಂಬ ಶಬ್ದದ ಬಗೆಗೆ ವಾದ ಹುಟ್ಟುತ್ತದೆ. ಅದು ಮೊಳೆಯದ ಹಳೆಯ ಧಾನ್ಯ ಎಂದು ನಾರದ, ಆಡು ಎಂದು ಪರ್ವತ. ಇಬ್ಬರ ಸಹಪಾಠಿಯಾದ ವಸುರಾಜನೇ ಸಾಕ್ಷಿ. ಸ್ಫಟಿಕದ ಪೀಠದ ಮೇಲಿದ್ದ ಅವನ ಸಿಂಹಾಸನ ಸತ್ಯದ ಬಲದಿಂದ ಆಕಾಶದಲ್ಲಿಯೇ ನಿಂತಿದೆಯೆಂದು ಲೋಕ ನಂಬಿತ್ತು. ಗುರುಪತ್ನಿಯ ಮಾತಿಗೆ ಕಟ್ಟುಬಿದ್ದು ಆತ ಪರ್ವತನ ಪರವಾಗಿ ನುಡಿಯುತ್ತಾನೆ, ಸಿಂಹಾಸನ ನೆಲಕ್ಕೆ ಕುಸಿಯುತ್ತದೆ. ಕಥೆಯ ಮುಖ್ಯಾಂಶ ಹಿಂಸೆಯ ಯಜ್ಞದ ಖಂಡನೆ ಎಂದು ನಾವೆಲ್ಲ ಬರೆದಿದ್ದೇವೆ, ಅದು ಸರಿಯೇ. ಆದರೆ ಆ ಸಭೆಯಲ್ಲಿ ವಸುವನ್ನು ಯಾರೊಬ್ಬರೂ ಮರುಪ್ರಶ್ನೆ ಕೇಳುವುದಿಲ್ಲ. ಅಷ್ಟು ಎತ್ತರದಲ್ಲಿ ಕುಳಿತವನನ್ನು ಕೇಳುವುದು ಹೇಗೆ? ಭೂಮಿಯೇ ಬಾಯ್ದೆರೆಯಬೇಕಾಗುತ್ತದೆ. ಎಲ್ಲ ಮೊಕದ್ದಮೆಗಳಲ್ಲಿಯೂ ಭೂಮಿ ಬಾಯ್ದೆರೆಯುವುದಿಲ್ಲ.

ಇಲ್ಲಿ ಶಾಸ್ತ್ರಗ್ರಂಥಗಳ ಒಂದು ಮಾತು ಹೇಳದಿದ್ದರೆ ನಮ್ಮ ಪರಂಪರೆಗೆ ಅನ್ಯಾಯವಾದೀತು. ಸಾಕ್ಷಿಯನ್ನು ವಾದಿ ಪ್ರತಿವಾದಿಗಳಿಬ್ಬರ ಸಮ್ಮುಖದಲ್ಲಿಯೇ ವಿಚಾರಿಸಬೇಕೆಂದು ಮನುಸ್ಮೃತಿಯೂ ಯಾಜ್ಞವಲ್ಕ್ಯಸ್ಮೃತಿಯೂ ವಿಧಿಸುತ್ತವೆ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ದುರ್ಗಸಿಂಹ ತನ್ನ ಕೃತಿಯನ್ನು ರಚಿಸಿದ್ದು ಸುಮಾರು 1031ರಲ್ಲಿ. ನೂರು ವರ್ಷ ಕಳೆಯುವ ಮೊದಲೇ ಅದೇ ಅರಸುಮನೆತನದ ನೆರಳಿನಲ್ಲಿ ಮಿತಾಕ್ಷರಾ ಹುಟ್ಟಿತು. ಸುಳ್ಳು ನುಡಿಯುವವನ ಲಕ್ಷಣಗಳನ್ನೂ ಯಾಜ್ಞವಲ್ಕ್ಯ ಹೇಳುತ್ತಾನೆ: ನಿಂತಲ್ಲಿ ನಿಲ್ಲುವುದಿಲ್ಲ, ಕಟವಾಯಿಯನ್ನು ನೆಕ್ಕುತ್ತಾನೆ, ಹಣೆ ಬೆವರುತ್ತದೆ, ಮುಖದ ಬಣ್ಣ ಬದಲಾಗುತ್ತದೆ. ಸಾಕ್ಷಿಯ ಹಾವಭಾವ ಗಮನಾರ್ಹವೆನಿಸಿದರೆ ಬರೆದುಕೊಳ್ಳಬೇಕೆಂದು 1973ರ ದಂಡಪ್ರಕ್ರಿಯಾ ಸಂಹಿತೆಯ 280ನೆಯ ಕಲಮು ನ್ಯಾಯಾಧೀಶರಿಗೆ ಹೇಳಿತ್ತು. ಎರಡರ ನಡುವಿನ ಶತಮಾನಗಳು ಎಷ್ಟೇ ಇರಲಿ, ಮನುಷ್ಯನ ಹಣೆ ಬೆವರುವ ರೀತಿ ಒಂದೇ.

ಆದರೂ ಒಂದು ವ್ಯತ್ಯಾಸವಿದೆ. ಅದನ್ನು ಮುಚ್ಚಿಟ್ಟು ನಮ್ಮಲ್ಲಿ ಎಲ್ಲವೂ ಇತ್ತು ಎಂದು ಹೆಮ್ಮೆಪಡುವುದು ಸಂಶೋಧಕರಿಗೆ ಸಲ್ಲದು. ಸ್ಮೃತಿಗಳ ವ್ಯವಹಾರದಲ್ಲಿ ಪ್ರಶ್ನೆ ಕೇಳುವವನು ಮುಖ್ಯವಾಗಿ ಪ್ರಾಡ್ವಿವಾಕ. ಆ ಹೆಸರಿನಲ್ಲಿಯೇ ಪ್ರಶ್ನೆಯಿದೆ, ಕೇಳುವವನು ಮತ್ತು ವಿವೇಚಿಸುವವನು ಎಂದು ಅದನ್ನು ಬಿಡಿಸುತ್ತಾರೆ. ಪ್ರತಿವಾದಿ ಸಾಕ್ಷಿಯ ದೋಷಗಳನ್ನು ಎತ್ತಿ ತೋರಬಹುದಿತ್ತು, ಎದುರಿಗೆ ನಿಂತಿರಬಹುದಿತ್ತು. ಆದರೆ ತನ್ನ ಪ್ರಶ್ನೆಯನ್ನು ತಾನೇ ಹೆಣೆದು, ಒಂದರ ಹಿಂದೆ ಒಂದರಂತೆ ಕೇಳಿ, ಸಾಕ್ಷಿಯ ಬಾಯಿಂದಲೇ ಉತ್ತರ ಪಡೆಯುವುದು ತನ್ನ ಹಕ್ಕು ಎಂಬ ಕಲ್ಪನೆ ಬೇರೆಯದು. ನಮ್ಮಲ್ಲಿ ಅದು ಕಾಯಿದೆಯಾಗಿ ನಿಂತದ್ದು 1872ರ ಸಾಕ್ಷ್ಯ ಅಧಿನಿಯಮದಿಂದ. ಮುಖ್ಯ ವಿಚಾರಣೆ, ಪಾಟೀ ಸವಾಲು, ಮರುವಿಚಾರಣೆ ಎಂಬ ಮೂರು ಹಂತಗಳನ್ನು ಅದರ 137 ಮತ್ತು 138ನೆಯ ಕಲಮುಗಳು ವಿವರಿಸಿದವು. 2024ರ ಜುಲೈ 1ರಿಂದ ಆ ಅಧಿನಿಯಮದ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ; ಈ ಮೂರು ಹಂತಗಳು ಹಾಗೆಯೇ ಉಳಿದಿವೆ. 'ಸವಾಲು' ಎಂಬುದು ಅರಬ್ಬಿಯಲ್ಲಿ ಬರಿಯ 'ಪ್ರಶ್ನೆ'. ಕನ್ನಡಕ್ಕೆ ಬಂದು ಅದು ಪಂಥಾಹ್ವಾನವೂ ಆಯಿತು. ಕಟಕಟೆಯಲ್ಲಿ ನಿಂತವನಿಗೆ ಎರಡು ಅರ್ಥಗಳೂ ಒಟ್ಟಿಗೆ ತಾಗುತ್ತವೆ.

ಇಂಗ್ಲೆಂಡಿನಲ್ಲಿಯೂ ಅದು ಸುಲಭವಾಗಿ ಬಂದದ್ದಲ್ಲ. ಕವಿಯೂ ನಾವಿಕನೂ ಆಗಿದ್ದ ಸರ್ ವಾಲ್ಟರ್ ರ‍್ಯಾಲಿಯ ಮೇಲೆ 1603ರಲ್ಲಿ ವಿಂಚೆಸ್ಟರಿನಲ್ಲಿ ರಾಜದ್ರೋಹದ ವಿಚಾರಣೆ ನಡೆದಾಗ ಮುಖ್ಯ ಆಧಾರವಾಗಿದ್ದದ್ದು ಲಾರ್ಡ್ ಕೋಬ್ಹ್ಯಾಮನ ಲಿಖಿತ ಹೇಳಿಕೆ. ಆತ ಸತ್ತಿರಲಿಲ್ಲ, ಸೆರೆಯಲ್ಲಿ ಜೀವಂತವಾಗಿದ್ದ. ನನ್ನ ಮುಖ ನೋಡಿ ಅವನು ಈ ಮಾತು ಹೇಳಲಿ ಎಂದು ರ‍್ಯಾಲಿ ಮತ್ತೆ ಮತ್ತೆ ಬೇಡಿಕೊಂಡ. ಕರೆಸಲಿಲ್ಲ. ಮರಣದಂಡನೆಯ ತೀರ್ಪಾಯಿತು, ಹದಿನೈದು ವರ್ಷಗಳ ಅನಂತರ, 1618ರಲ್ಲಿ, ಅದೇ ತೀರ್ಪಿನ ಮೇಲೆ ತಲೆ ಹೋಯಿತು. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಆರನೆಯ ತಿದ್ದುಪಡಿ, ಆರೋಪಿಗೆ ತನ್ನ ವಿರುದ್ಧದ ಸಾಕ್ಷಿಗಳನ್ನು ಎದುರುಗೊಳ್ಳುವ ಹಕ್ಕನ್ನು ಕೊಟ್ಟಿತು. ಪೊಲೀಸರು ಧ್ವನಿಮುದ್ರಿಸಿಕೊಂಡ ಹೇಳಿಕೆಯೊಂದನ್ನು, ಹೇಳಿದವಳನ್ನು ಕಟಕಟೆಗೆ ತರದೆ ನ್ಯಾಯಾಲಯದಲ್ಲಿ ಕೇಳಿಸಿದ್ದ ಕ್ರಾಫರ್ಡ್ ಪ್ರಕರಣದಲ್ಲಿ, 2004ರಲ್ಲಿ, ಅಲ್ಲಿನ ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದುಮಾಡುವಾಗ ರ‍್ಯಾಲಿಯ ವಿಚಾರಣೆಯನ್ನೇ ನೆನೆಯಿತು. ಧ್ವನಿಮುದ್ರಿಕೆ ಎಂದರೆ ಮತ್ತೇನು, ಪೊಟರೆಯೊಳಗಿನ ದನಿಯೇ ಅಲ್ಲವೇ?

ನನ್ನ ಕಥೆಗೆ ಮರಳುತ್ತೇನೆ. ಸಮನ್ಸು ಬಂದದ್ದು 1996ರಲ್ಲಿ, ಘಟನೆಯಾಗಿ ಮೂರು ವರ್ಷಗಳ ಮೇಲೆ. ಸರ್ಕಾರಿ ವಕೀಲರ ಮುಖ್ಯ ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು. ಕಂಡೆ, ಗುರುತಿಸಿದೆ, ಇವನೇ. ಬೆರಳು ತೋರಿಸಿದೆ. ಹುಡುಗ ತಲೆ ತಗ್ಗಿಸಿದ್ದ. ಅವನ ವಕೀಲರು ವಯಸ್ಸಾದವರು, ಮಾಸಿದ ಕರಿಕೋಟು, ಕೈಯಲ್ಲಿ ಒಂದೇ ಒಂದು ಹಾಳೆ. ನಾನು ಸಿನಿಮಾದ ವಕೀಲರನ್ನು ನಿರೀಕ್ಷಿಸಿದ್ದೆ. ಇವರು ದನಿಯನ್ನೇ ಏರಿಸಲಿಲ್ಲ.

"ಮೇಷ್ಟ್ರೇ, ಅವತ್ತು ಊಟಕ್ಕೆ ಎಷ್ಟು ಹೊತ್ತಿಗೆ ಹೋಗಿದ್ರಿ?"

"ಎಂಟೂವರೆಗೆ."

"ಮೆಸ್ಸಿನಲ್ಲಿ ದೀಪ ಯಾವುದಿತ್ತು?"

"ಮೇಣದ ಬತ್ತಿ."

"ಯಾಕೆ?"

"ಕರೆಂಟು ಹೋಗಿತ್ತು."

"ತಾವು ವಾಪಸು ಬರುವಾಗ ಬಂದಿತ್ತೇ?"

ನಾನು ಯೋಚಿಸಿದೆ. ಮೂರು ವರ್ಷಗಳಲ್ಲಿ ಆ ರಾತ್ರಿಯನ್ನು ನೂರು ಸಲ ನೆನೆದಿದ್ದೆ. ಪ್ರತಿಸಲವೂ ಹಿಂಬಾಗಿಲ ಮೇಲೆ ಒಂದು ಬಲ್ಬು ಉರಿಯುತ್ತಿತ್ತು. ಈಗ ಆ ಬಲ್ಬು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಕೋಣೆಗೆ ಬಂದು ಲಾಟೀನು ಹಚ್ಚಿದ್ದು ಮಾತ್ರ ಸ್ಪಷ್ಟವಾಗಿ ನೆನಪಾಯಿತು.

"ಬಂದಿರಲಿಲ್ಲ."

ಅನಂತರ ದೂರ. ಕಿಟಕಿಯಾಚೆಗಿನ ಬೇವಿನ ಮರವನ್ನು ತೋರಿಸಿ ಅಷ್ಟು ದೂರವೇ ಎಂದರು. ಇನ್ನೂ ಸ್ವಲ್ಪ ಹೆಚ್ಚು ಎಂದೆ. ಮರದ ಕೆಳಗೆ ಜನ ನಿಂತಿದ್ದರು. ಹಾಡುಹಗಲಿನಲ್ಲಿಯೂ ಅವರಲ್ಲಿ ಯಾರು ಯಾರೆಂದು ನನಗೆ ಹೇಳಲಾಗುತ್ತಿರಲಿಲ್ಲ. ವಕೀಲರು ಅದನ್ನು ಕೇಳಲಿಲ್ಲ. ನ್ಯಾಯಾಧೀಶರು ಕಿಟಕಿಯ ಕಡೆಗೆ ಒಮ್ಮೆ ನೋಡಿದರು, ಅಷ್ಟೆ.

"ಅವನು ನಿಮ್ಮ ಕಡೆ ತಿರುಗಿ ನೋಡಿದ ಅಂತ ಈಗ ಹೇಳಿದ್ರಿ. ಪೊಲೀಸರ ಮುಂದೆ ಹಾಗೆ ಹೇಳಿಲ್ಲವಲ್ಲ?"

ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ. ಅದರಲ್ಲಿ ಏನಿದೆಯೆಂದು ನಾನು ಓದಿಯೂ ಇರಲಿಲ್ಲ. ಕಾನೂನು ಆ ಕಾಗದವನ್ನು ಆರೋಪಿಯ ವಿರುದ್ಧ ಪುರಾವೆಯಾಗಿ ಒಪ್ಪುವುದಿಲ್ಲ, ಆದರೆ ಸಾಕ್ಷಿಯ ಇಂದಿನ ಮಾತಿಗೂ ಅಂದಿನ ಮಾತಿಗೂ ಇರುವ ವಿರೋಧವನ್ನು ತೋರಿಸಲು ಆರೋಪಿಗೆ ಅದನ್ನು ಬಳಸಲು ಬಿಡುತ್ತದೆ. ಎಷ್ಟು ಸೂಕ್ಷ್ಮವಾದ ಏರ್ಪಾಡು ಎಂದು ಈಗ ಮೆಚ್ಚುತ್ತೇನೆ. ಅಂದು ಕಾಲ ಕೆಳಗಿನ ಹಲಗೆ ಜಾರಿದಂತಾಯಿತು. ತಿರುಗಿ ನೋಡಿದ ಮುಖ ನನಗೆ ನಿಚ್ಚಳವಾಗಿ ನೆನಪಿತ್ತು. ಅದು ಮೂರು ವರ್ಷಗಳಲ್ಲಿ ಬೆಳೆದ ಮುಖವೆಂದು ಆ ಕ್ಷಣದಲ್ಲಿ ಗೊತ್ತಾಯಿತು.

"ಕೊನೆಯ ಪ್ರಶ್ನೆ, ಮೇಷ್ಟ್ರೇ. ಈ ಹುಡುಗನ ಹೆಸರನ್ನು ಮೊದಲು ಹೇಳಿದವರು ತಾವೋ, ಬೇರೆಯವರೋ?"

ಬೆಳಿಗ್ಗೆ ಅಧ್ಯಾಪಕರ ಕೊಠಡಿಯಲ್ಲಿ ಮಾತು ನಡೆದಿತ್ತು. ನಾನು 'ಯಾರನ್ನೋ ಕಂಡೆ, ಎತ್ತರದವನು' ಎಂದಿದ್ದೆ. 'ಜವಾನರ ಮಗನೇ ಇರಬೇಕು, ಅವನಿಗೆ ಬೀಗದ ಕೈ ಎಲ್ಲಿದೆ ಗೊತ್ತು' ಎಂದು ಯಾರೋ ಹೇಳಿದ್ದರು. 'ಹೌದು, ನಡಿಗೆ ಹಾಗೆಯೇ ಇತ್ತು' ಎಂದು ನಾನು ಹೇಳಿದ್ದೆ. ಪೊಲೀಸರು ಬಂದದ್ದು ಆಮೇಲೆ. ಇಷ್ಟನ್ನೂ ಹೇಳಿದೆ. ಹೇಳುತ್ತಿರುವಾಗ ಹಣೆ ಬೆವರುತ್ತಿತ್ತು. ಯಾಜ್ಞವಲ್ಕ್ಯನ ಲೆಕ್ಕದಲ್ಲಿ ನಾನು ಸುಳ್ಳುಗಾರನೇ. ಆದರೆ ಇಡೀ ದಿನದಲ್ಲಿ ನಾನು ನಿಜವಾಗಿ ಸತ್ಯ ನುಡಿದದ್ದು ಆ ಬೆವರಿನ ಹೊತ್ತಿನಲ್ಲಿ.

ಹುಡುಗನಿಗೆ ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡಿದರು.

ಹಲವು ವರ್ಷ ಈ ಪ್ರಸಂಗವನ್ನು ನಾನು ಬೇರೆ ಬಗೆಯಲ್ಲಿ ಹೇಳಿಕೊಂಡು ತಿರುಗಿದೆ. ವಕೀಲರು ಮಾತಿನ ಮೋಡಿಯಿಂದ ಪ್ರಾಮಾಣಿಕ ಸಾಕ್ಷಿಯನ್ನು ಹೇಗೆ ಅಡ್ಡದಾರಿ ಹಿಡಿಸುತ್ತಾರೆ, ಹಾಗಾಗಿಯೇ ಜನ ಸಾಕ್ಷಿ ಹೇಳಲು ಬರುವುದಿಲ್ಲ, ಇತ್ಯಾದಿ. ಕೇಳಿದವರೆಲ್ಲ ತಲೆದೂಗುತ್ತಿದ್ದರು. ಮೊಕದ್ದಮೆ ಮುಗಿದ ಕೆಲವು ತಿಂಗಳ ಮೇಲೆ ಬಸ್ ನಿಲ್ದಾಣದಲ್ಲಿ ಆ ವಕೀಲರು ಸಿಕ್ಕಿದ್ದರು. ಅವರೇ ಬಂದು ಮಾತಾಡಿಸಿ, "ತಾವು ಸುಳ್ಳು ಹೇಳುವವರಾಗಿದ್ದರೆ ನನಗೆ ಸುಲಭವಾಗ್ತಿತ್ತು ಮೇಷ್ಟ್ರೇ. ತಾವು ನಂಬಿದ್ರಿ. ಅದಕ್ಕೇ ಹೆದರಿದ್ದೆ" ಎಂದರು. ಕೊಂಕು ಮಾತೆಂದು ಭಾವಿಸಿ ಉತ್ತರಿಸದೆ ಬಸ್ಸು ಹತ್ತಿದೆ.

ಆ ಮಾತು ಅರ್ಥವಾದದ್ದು ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯವನ್ನು ಸಂಶೋಧನೆಯ ನಿಮಿತ್ತ ಮತ್ತೆ ಓದುವಾಗ. ಇಂದ್ರಿಯಗಳಿಂದ ಹುಟ್ಟುವ ಮತಿಜ್ಞಾನಕ್ಕೆ ಉಮಾಸ್ವಾತಿ ನಾಲ್ಕು ಹಂತಗಳನ್ನು ಹೇಳುತ್ತಾನೆ: ಅವಗ್ರಹ, ಈಹಾ, ಅವಾಯ, ಧಾರಣಾ. ಏನೋ ಇದೆ ಎಂಬ ಮೊದಲ ಗ್ರಹಿಕೆ ಅವಗ್ರಹ. ಅದು ಇಂಥದಿರಬಹುದೇ ಎಂಬ ವಿಶೇಷದ ಹುಡುಕಾಟ ಈಹಾ. ಇದೇ ಎಂಬ ನಿಶ್ಚಯ ಅವಾಯ. ನಿಶ್ಚಯಿಸಿದ್ದನ್ನು ಮರೆಯದೆ ಹಿಡಿದಿಡುವುದು ಧಾರಣಾ. ನಾವು ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದವರು. ಅಂದು ರಾತ್ರಿ ನನಗಾದದ್ದು ಅವಗ್ರಹ ಮಾತ್ರ: ಕತ್ತಲಲ್ಲಿ ಒಂದು ಎತ್ತರದ ಆಕೃತಿ, ಒಂದು ಹೊರೆ. ಈಹಾ ನಡೆದದ್ದು ಮರುದಿನ ಅಧ್ಯಾಪಕರ ಕೊಠಡಿಯಲ್ಲಿ, ಅದೂ ಇತರರ ಬಾಯಲ್ಲಿ. ಅವಾಯವನ್ನು ನಾನು ಪೊಲೀಸರ ಮುಂದೆ ಮಾಡಿಕೊಂಡೆ. ಧಾರಣೆಯಲ್ಲಿ ಅದಕ್ಕೆ ಬಲ್ಬು ಬಂತು, ತಿರುಗಿದ ಮುಖ ಬಂತು. ಮುಂದಿನ ಸೂತ್ರದಲ್ಲಿಯೇ ಉಕ್ತ, ಅನುಕ್ತ ಎಂಬ ಭೇದವೂ ಇದೆ, ದಿಗಂಬರ ಪಾಠದಂತೆ: ಪರರು ಹೇಳಿದ ಮೇಲೆ ಅರಿತದ್ದು ಒಂದು, ಹೇಳದೆಯೇ ಅರಿತದ್ದು ಇನ್ನೊಂದು. ನನ್ನದು ಉಕ್ತ. ಅನುಕ್ತವೆಂದು ಪ್ರಮಾಣ ಮಾಡಿ ನುಡಿದಿದ್ದೆ.

ಆ ವಕೀಲರು ತತ್ತ್ವಾರ್ಥಸೂತ್ರವನ್ನು ಓದಿದ್ದವರಲ್ಲ. ಆದರೆ ಅವರು ಮಾಡಿದ್ದು ಒಂದೇ ಕೆಲಸ. ಧಾರಣೆಯಿಂದ ಅವಾಯಕ್ಕೆ, ಅವಾಯದಿಂದ ಈಹೆಗೆ, ಈಹೆಯಿಂದ ಅವಗ್ರಹಕ್ಕೆ ನನ್ನ ಕೈಹಿಡಿದು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಸಿದರು. ಕೊನೆಯ ಮೆಟ್ಟಿಲಲ್ಲಿ ನಿಂತು ನೋಡಿದರೆ ಹುಡುಗ ಅಲ್ಲಿರಲಿಲ್ಲ. ಇಲ್ಲವೆಂದೂ ಅಲ್ಲ, ಇದ್ದನೆಂದು ಹೇಳುವ ಆಧಾರ ನನ್ನ ಬಳಿ ಇರಲಿಲ್ಲ.

'ಪ್ರತ್ಯಕ್ಷದರ್ಶಿ' ಎಂಬ ಮಾತನ್ನು ಪತ್ರಿಕೆಗಳಲ್ಲಿ ಕಂಡಾಗ ನನಗೀಗ ಸಣ್ಣ ನಗು ಬರುತ್ತದೆ. ಜೈನ ಜ್ಞಾನಮೀಮಾಂಸೆಯ ಹಳೆಯ ನಿಲುವಿನಲ್ಲಿ ಕಣ್ಣಿನಿಂದ ಕಂಡದ್ದು ಪ್ರತ್ಯಕ್ಷವೇ ಅಲ್ಲ, ಪರೋಕ್ಷ. ಆತ್ಮ ತಾನೇ ನೇರವಾಗಿ ಅರಿತದ್ದು ಮಾತ್ರ ಪ್ರತ್ಯಕ್ಷ. ಇಂದ್ರಿಯವೆಂಬ ಮಧ್ಯವರ್ತಿಯ ಮೂಲಕ ಬಂದದ್ದು ಎಷ್ಟಾದರೂ ಪರಾವಲಂಬಿ. ಲೋಕವ್ಯವಹಾರ ನಡೆಯಬೇಕಲ್ಲ ಎಂದು ಅಕಳಂಕನಂಥ ತಾರ್ಕಿಕರು ಇಂದ್ರಿಯಜ್ಞಾನಕ್ಕೆ ಸಾಂವ್ಯವಹಾರಿಕ ಪ್ರತ್ಯಕ್ಷವೆಂಬ ಸ್ಥಾನ ಕೊಟ್ಟರು. ನ್ಯಾಯಾಲಯ ನಡೆಯುವುದು ಈ ಸಾಂವ್ಯವಹಾರಿಕ ಪ್ರತ್ಯಕ್ಷದ ಮೇಲೆ. ಹಾಗಿರುವುದರಿಂದಲೇ ಅದನ್ನು ಕೆಣಕಿ ನೋಡುವ ಹಕ್ಕು ಆರೋಪಿಗೆ ಇರಬೇಕಾಗುತ್ತದೆ. ಕೇವಲಜ್ಞಾನಿಗಳೇ ಸಾಕ್ಷಿ ಹೇಳುವುದಾದರೆ ಪಾಟೀ ಸವಾಲು ಬೇಕಿಲ್ಲ. ದುರ್ಗಸಿಂಹನ ಕಥೆಯೂ ವಸುರಾಜನ ಕಥೆಯೂ, ಗೆಳೆಯನ ರತ್ನಗಳನ್ನಲ್ಲ, ನಂಬಿ ಇಟ್ಟ ವ್ಯಾಪಾರಿಯ ರತ್ನಗಳನ್ನು ನುಂಗಿದ ಸತ್ಯಘೋಷನ ಕಥೆಯೂ ಬಲ್ಲದ್ದು ಸುಳ್ಳು ಹೇಳುವವನನ್ನು. ನಂಬಿ ತಪ್ಪು ಹೇಳುವವನ ಕಥೆ ನಮ್ಮ ಕಥಾಕೋಶಗಳಲ್ಲಿ ನನಗೆ ಅಷ್ಟಾಗಿ ಸಿಕ್ಕಿಲ್ಲ. ಸಿಕ್ಕಿದ್ದರೆ ನಾನು ಬೇಗ ಎಚ್ಚರಗೊಳ್ಳುತ್ತಿದ್ದೆನೇನೋ.

ಈ ಹಕ್ಕನ್ನು ಹೊಗಳುವಾಗ ಅದು ಯಾರ ಮೇಲೆ ಬೀಳುತ್ತದೆಂಬುದನ್ನೂ ನೋಡಬೇಕು. ಬೆಂಕಿ ಪೊಟರೆಯಲ್ಲಿದ್ದ ಮೋಸಗಾರನನ್ನು ಹೊರಗೆಡಹಿದಂತೆ, ನೊಂದು ಬಂದವರನ್ನೂ ಸುಡಬಲ್ಲದು. ಅತ್ಯಾಚಾರದ ಮೊಕದ್ದಮೆಗಳಲ್ಲಿ ಹೆಣ್ಣಿನ ನಡತೆಯನ್ನೇ ಕೆದಕಿ ಅವಳ ಸಾಕ್ಷ್ಯವನ್ನು ಹೀಗಳೆಯಲು 1872ರ ಅಧಿನಿಯಮದ 155ನೆಯ ಕಲಮಿನ ಒಂದು ಉಪಕಲಮು ಅವಕಾಶ ಕೊಟ್ಟಿತ್ತು. ಅದನ್ನು ತೆಗೆದುಹಾಕಿದ್ದು 2003ರಲ್ಲಿ. ನೂರ ಮೂವತ್ತು ವರ್ಷಗಳ ಕಾಲ ಅದು ಅಲ್ಲಿತ್ತೆಂಬುದು ನಾಚಿಕೆಯ ಸಂಗತಿ. 2004ರಲ್ಲಿ, ಕಾಕತಾಳೀಯವಾಗಿ 'ಸಾಕ್ಷಿ' ಎಂಬ ಹೆಸರಿನ ಸಂಸ್ಥೆಯೇ ಹೂಡಿದ್ದ ಮೊಕದ್ದಮೆಯಲ್ಲಿ, ಇಂಥ ಪ್ರಕರಣಗಳಲ್ಲಿ ಸಾಕ್ಷಿಗೆ ಆರೋಪಿ ಕಾಣದಂತೆ ಪರದೆಯ ವ್ಯವಸ್ಥೆ ಮಾಡಬಹುದೆಂದೂ, ಪ್ರಶ್ನೆಗಳನ್ನು ಬರೆದುಕೊಟ್ಟು ನ್ಯಾಯಾಧೀಶರ ಮೂಲಕ ಕೇಳಿಸಬೇಕೆಂದೂ ಸುಪ್ರೀಂ ಕೋರ್ಟು ಹೇಳಿತು. 2012ರ ಪೋಕ್ಸೋ ಕಾಯಿದೆಯಲ್ಲಿಯೂ ಮಗುವನ್ನು ಪ್ರಶ್ನಿಸುವುದು ನ್ಯಾಯಾಲಯದ ಮೂಲಕವೇ. ಪ್ರಾಡ್ವಿವಾಕ ಮರಳಿ ಬಂದಂತಾಯಿತು. ಪರದೆ ಇದೆ, ಆದರೆ ಪ್ರಶ್ನೆ ನಿಂತಿಲ್ಲ. ಮುಖಾಮುಖಿಯನ್ನು ಮೃದುಗೊಳಿಸಬಹುದು, ಪ್ರಶ್ನೆಯನ್ನೇ ಇಲ್ಲವಾಗಿಸಿದರೆ ಉಳಿಯುವುದು ಮತ್ತೆ ಮರ, ಮತ್ತೆ ಪೊಟರೆ.

ಇನ್ನೊಂದು ಅಂಚೂ ಇದೆ. ಹಕ್ಕಿದ್ದರೂ ಅದನ್ನು ಚಲಾಯಿಸಲು ಬಲ್ಲವರು ಬೇಕು. 1997ರ ದೆಹಲಿಯ ಬಸ್ ಸ್ಫೋಟ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ವಿದೇಶಿ ಆರೋಪಿಯ ವಿಚಾರಣೆಯಲ್ಲಿ, ಬಹುತೇಕ ಸಾಕ್ಷಿಗಳು ನುಡಿಯುವಾಗ ಅವನ ಪರವಾಗಿ ವಕೀಲರೇ ಇರಲಿಲ್ಲ, ಪಾಟೀ ಸವಾಲು ನಡೆಯಲಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ತಳ್ಳಿಹಾಕಿ, ಕೊನೆಗೆ ಮರುವಿಚಾರಣೆಗೆ ಆದೇಶಿಸಿತು. ನಮ್ಮ ಜವಾನರು ಆ ವೃದ್ಧ ವಕೀಲರಿಗೆ ಶುಲ್ಕ ಎಲ್ಲಿಂದ ತಂದರೆಂದು ಆಗ ನಾನು ಯೋಚಿಸಿರಲಿಲ್ಲ. ಹೆಂಡತಿಯ ಕಿವಿಯೋಲೆ ಮಾರಿದರೆಂದು ಅನಂತರ ಯಾರೋ ಹೇಳಿದರು.

ವಿದ್ಯಾರ್ಥಿನಿ ಆ ಪ್ರಶ್ನೆ ಕೇಳಿದ ವಾರದಲ್ಲಿ ನಾನು ಆ ಹಳೆಯ ನ್ಯಾಯಾಲಯಕ್ಕೆ ಅರ್ಜಿ ಹಾಕಿ ನನ್ನ ಸಾಕ್ಷ್ಯದ ದೃಢೀಕೃತ ನಕಲು ಪಡೆದೆ. ಹಳೆಯ ಕಡತ ಹುಡುಕಿಸಲು ಎರಡು ತಿಂಗಳು ಹಿಡಿಯಿತು. ಕನ್ನಡ ಗದ್ಯದ ಅಭ್ಯಾಸಿಗಳು ಒಮ್ಮೆಯಾದರೂ ಇಂಥ ಕಾಗದವನ್ನು ಓದಬೇಕು. ಪಾಟೀ ಸವಾಲಿನಲ್ಲಿ ಪ್ರಶ್ನೆ ವಕೀಲರದು, ಉತ್ತರ ಸಾಕ್ಷಿಯದು. ಬರೆಯುವಾಗ ಎರಡೂ ಸೇರಿ ಸಾಕ್ಷಿಯ ಒಂದೇ ವಾಕ್ಯವಾಗುತ್ತದೆ. 'ಅಂದು ರಾತ್ರಿ ವಿದ್ಯುತ್ ಇರಲಿಲ್ಲ ಎಂದರೆ ನಿಜ.' 'ನಾನು ಪೊಲೀಸರ ಒತ್ತಾಯಕ್ಕೆ ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ.' ವಾಕ್ಯದ ಮೊದಲರ್ಧ ಒಬ್ಬನ ಅನುಮಾನ, ಕೊನೆಯ ಎರಡು ಪದ ಇನ್ನೊಬ್ಬನ ಒಪ್ಪಿಗೆ ಅಥವಾ ನಿರಾಕರಣೆ. ಯಾವ ವ್ಯಾಕರಣವೂ ಈ 'ಎಂದರೆ'ಯನ್ನು ವಿವರಿಸಿದ್ದನ್ನು ನಾನು ಕಂಡಿಲ್ಲ. ಮೂರೂವರೆ ಪುಟ. ಪ್ರತಿ ಪುಟದ ಕೆಳಗೆ ನನ್ನ ಸಹಿ. ಕೊನೆಯ ಪುಟದಲ್ಲಿ: 'ನಾನು ಕಂಡ ವ್ಯಕ್ತಿ ಇದೇ ಆರೋಪಿ ಎಂದು ಈಗ ಖಚಿತವಾಗಿ ಹೇಳಲಾರೆ.' ಅದರ ಕೆಳಗಿನ ಸಹಿ ಸ್ವಲ್ಪ ಅಲುಗಿದೆ.

ಹುಡುಗ ಬಿಡುಗಡೆಯಾದ ಮೇಲೆ ಊರಿನಲ್ಲಿ ನಿಲ್ಲಲಿಲ್ಲ. ಅವನು ಕದ್ದಿದ್ದನೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಅವನ ತಂದೆ ಮಾತ್ರ ಅದೇ ಕಾಲೇಜಿನಲ್ಲಿ ಮುಂದೆ ಎಂಟು ವರ್ಷ ಕೆಲಸ ಮಾಡಿದರು. ಮೊಕದ್ದಮೆ ನಡೆಯುತ್ತಿದ್ದ ಮೂರು ವರ್ಷಗಳಲ್ಲಿಯೂ, ಆಮೇಲೂ, ದಿನಾ ಬೆಳಿಗ್ಗೆ ನನ್ನ ಮೇಜಿನ ಮೇಲೆ ಹಾಜರಿ ಪುಸ್ತಕ ಮತ್ತು ಒಂದು ಲೋಟ ನೀರು ಇಟ್ಟು, "ಸಾರ್, ನೀರು" ಎಂದು ಹೇಳಿ ಹೋಗುತ್ತಿದ್ದರು. ಅದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಲಿಲ್ಲ, ಕಡಿಮೆಯನ್ನೂ ಆಡಲಿಲ್ಲ. ಅವರು ನಿವೃತ್ತರಾದಾಗ ಬೀಳ್ಕೊಡುಗೆಯ ಭಾಷಣ ಮಾಡುವ ಸರದಿ ನನ್ನದಾಗಿತ್ತು. ಅವರ ಸೇವಾನಿಷ್ಠೆಯ ಬಗ್ಗೆ ಕಾಲು ಗಂಟೆ ಮಾತನಾಡಿದೆ. ಈ ವಿಷಯವನ್ನು ಎತ್ತಲಿಲ್ಲ. ಅವರು ಮೊದಲ ಸಾಲಿನಲ್ಲಿ, ಹಾರವನ್ನು ತೊಡೆಯ ಮೇಲಿಟ್ಟುಕೊಂಡು, ನನ್ನನ್ನೇ ನೋಡುತ್ತ ಕುಳಿತಿದ್ದರು.